ಬೀಗ ತೆರೆಯುವ ಹವ್ಯಾಸ: ಮನೆಯಲ್ಲೇ ಮಾಡಿದ ಸಲಕರಣೆ ಸಾಕೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಬೀಗದ ಕೈ ಇಲ್ಲದೆ ಬೀಗ ತೆರೆಯುವುದನ್ನು ಹವ್ಯಾಸವಾಗಿ ಕಲಿಯುವ ಆಸೆಯಿಂದ ಸೀರೆ ಪಿನ್ನು, ಕೂದಲ ಕ್ಲಿಪ್ಪು, ಹಳೆಯ ಛತ್ರಿಯ ಕಡ್ಡಿ ಇವನ್ನೆಲ್ಲ ಬಗ್ಗಿಸಿ ಸಲಕರಣೆ ಮಾಡಿಕೊಂಡು, ನಮ್ಮ ಹಿತ್ತಿಲ ಬಾಗಿಲಿನ ಬೀಗದ ಮೇಲೆ ಹದಿನೈದು ದಿನ ಪ್ರಯತ್ನಿಸಿದೆ. ಒಮ್ಮೆಯೂ ತೆರೆಯಲಿಲ್ಲ. ಈಗ ಅದರ ಸ್ವಂತ ಕೈಯೇ ಬಿಗಿಯಾಗಿ ತಿರುಗುತ್ತಿದೆ. ತಪ್ಪು ನನ್ನದೋ, ಸಲಕರಣೆಯದೋ? ಯಾವ ಲೋಹ ಬಳಸಬೇಕು? ಇದು ಪೊಲೀಸ್ ಕೇಸಾಗುತ್ತದೆ ಎಂದು ಅಪ್ಪ ಹೆದರಿಸುತ್ತಾರೆ, ನಿಜವೇ? ಬೀಗದ ಕೈಯ ಚಿತ್ರವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಿಮ್ಮ ಮೇಲೆ ಹೊರಿಸಿದರೆ ಅನ್ಯಾಯವಾಗುತ್ತದೆ, ಏಕೆಂದರೆ ನಿಮ್ಮ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ. ನೀವು ಕಳುಹಿಸಿದ ಚಿತ್ರದಲ್ಲಿರುವ ಬೀಗದ ಕೈಗೆ ದುಂಡನೆಯ ಕಾಂಡವಿದೆ. ಅದರ ತುದಿಯಲ್ಲಿ ಬಾವುಟದಂತೆ ಒಂದು ಪಟ್ಟಿ, ಆ ಪಟ್ಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಹಲ್ಲುಗಳಿವೆ. ಇದು ಲಿವರ್ ಬೀಗ. ಸೀರೆ ಪಿನ್ನಿನಿಂದ ಬೀಗ ತೆರೆಯುವುದನ್ನು ತೋರಿಸುವ ವಿಡಿಯೊಗಳಲ್ಲೆಲ್ಲ ಕಾಣುವುದು ಪಿನ್ ಬೀಗ. ಎರಡರ ಒಳರಚನೆಯೂ ಬೇರೆ, ತೆರೆಯುವ ತರ್ಕವೂ ಬೇರೆ. ನೀವು ವೀಣೆಯ ಪಾಠ ಕೇಳಿಸಿಕೊಂಡು ಮೃದಂಗದ ಮುಂದೆ ಕುಳಿತಿದ್ದೀರಿ. ಹದಿನೈದು ದಿನವಲ್ಲ, ಹದಿನೈದು ತಿಂಗಳು ಕುಳಿತರೂ ಆ ಕಡ್ಡಿಗಳಿಂದ ಆ ಬೀಗ ಅಲುಗುತ್ತಿರಲಿಲ್ಲ.

ಲಿವರ್ ಬೀಗದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದರೊಳಗೆ ಒಂದರ ಮೇಲೊಂದು ಜೋಡಿಸಿದ ತೆಳುವಾದ ಹಿತ್ತಾಳೆ ಅಥವಾ ಉಕ್ಕಿನ ತಗಡುಗಳಿರುತ್ತವೆ. ಪ್ರತಿ ತಗಡನ್ನೂ ಒಂದು ಸಣ್ಣ ಸ್ಪ್ರಿಂಗ್ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಬೀಗದ ಕೈಯ ಒಂದೊಂದು ಮೆಟ್ಟಿಲೂ ಒಂದೊಂದು ತಗಡನ್ನು ತಕ್ಕಷ್ಟೇ ಎತ್ತಬೇಕು. ಆಗ ತಗಡುಗಳಲ್ಲಿ ಕೊರೆದ ಕಿಂಡಿಗಳೆಲ್ಲ ಒಂದೇ ಸಾಲಿಗೆ ಬಂದು, ಅಗುಳಿಯ ಮೇಲಿರುವ ಮೊಳೆ ಆ ಕಿಂಡಿಗಳ ಮೂಲಕ ನುಸುಳಿ ಅಗುಳಿ ಸರಿಯುತ್ತದೆ. ತಗಡನ್ನು ಕಡಿಮೆ ಎತ್ತಿದರೂ ತೆರೆಯುವುದಿಲ್ಲ, ಹೆಚ್ಚು ಎತ್ತಿದರೂ ತೆರೆಯುವುದಿಲ್ಲ ಎಂಬ ಈ ಎರಡು ಬಗೆಯ ಕಾವಲನ್ನು 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಮಾಡಿಸಿದರು. ನಮ್ಮ ಊರುಗಳಲ್ಲಿ ಅಂಗಡಿ ಶಟರಿಗೂ ಹಿತ್ತಿಲ ಬಾಗಿಲಿಗೂ ನೇತಾಡುವ ದಪ್ಪ ಬೀಗಗಳಲ್ಲಿ ಬಹುಪಾಲು ಇದೇ ವಂಶದವು. ಉತ್ತರ ಪ್ರದೇಶದ ಅಲೀಗಢದಿಂದ ಬರುವವೂ, 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ತಮಿಳುನಾಡಿನ ದಿಂಡಿಗಲ್ ಬೀಗಗಳೂ ಹೆಚ್ಚಾಗಿ ಲಿವರ್ ಬೀಗಗಳೇ. ಇವನ್ನು ಬೀಗದ ಕೈಯಿಲ್ಲದೆ ತೆರೆಯಲು ಅಗುಳಿಯನ್ನು ಒತ್ತಿ ಹಿಡಿಯುವ ಗಟ್ಟಿಯಾದ ಒಂದು ಸಲಾಕೆ, ತಗಡುಗಳನ್ನು ಒಂದೊಂದಾಗಿ ಎತ್ತುವ ಇನ್ನೊಂದು ತಂತಿ, ಎರಡೂ ಒಂದೇ ಸಣ್ಣ ರಂಧ್ರದೊಳಗೆ ಒಂದಕ್ಕೊಂದು ತಗುಲದಂತೆ ತಿರುಗಬೇಕು. ಅದು ಈ ಹವ್ಯಾಸದ ಎರಡನೆಯ ವರ್ಷದ ಪಾಠ. ಅದನ್ನು ಸದ್ಯಕ್ಕೆ ಬದಿಗಿಡಿ.

ನಿಮಗೆ ಬೇಕಾದದ್ದು ಪಿನ್ ಬೀಗ. ಅದರ ಕೈ ಚಪ್ಪಟೆಯಾಗಿರುತ್ತದೆ, ಒಂದು ಅಂಚಿನಲ್ಲಿ ಬೆಟ್ಟಸಾಲಿನಂತೆ ಏರಿಳಿತಗಳಿರುತ್ತವೆ. ಮರದ ಪಿನ್ನುಗಳಿದ್ದ ಇಂಥ ಬೀಗಗಳು ಪ್ರಾಚೀನ ಈಜಿಪ್ಟಿನಲ್ಲೇ ಇದ್ದವು. ಜೇಬಿನಲ್ಲಿ ಹಿಡಿಯುವ ಚಪ್ಪಟೆ ಕೈಯ ಲೋಹದ ರೂಪವನ್ನು ಅಮೆರಿಕದ ಲೈನಸ್ ಯೇಲ್ ಕಿರಿಯರು 1860ರ ದಶಕದಲ್ಲಿ ರೂಪಿಸಿದರು. ಇಂದಿಗೂ ಅದರ ತಿರುಳು ಬದಲಾಗಿಲ್ಲ. ಹೊರಗೊಂದು ಅಲುಗದ ಕವಚ, ಅದರೊಳಗೆ ತಿರುಗುವ ಒಂದು ಉರುಳೆ. ಕವಚದಿಂದ ಉರುಳೆಯೊಳಕ್ಕೆ ಸಾಲಾಗಿ ನಾಲ್ಕೈದು ತೂತುಗಳು. ಪ್ರತಿ ತೂತಿನಲ್ಲೂ ಒಂದು ಸ್ಪ್ರಿಂಗ್, ಅದರ ಕೆಳಗೆ ಒಂದು ಮೇಲ್ಪಿನ್ನು, ಅದರ ಕೆಳಗೆ ಒಂದು ಕೆಳಪಿನ್ನು. ಕೆಳಪಿನ್ನುಗಳ ಉದ್ದ ಒಂದೊಂದರದು ಒಂದೊಂದು ಬಗೆ, ಕೈಯ ಏರಿಳಿತ ಅದಕ್ಕೆ ಹೊಂದಿಕೊಂಡಿರುತ್ತದೆ. ಕೈ ಹಾಕದಿದ್ದಾಗ ಮೇಲ್ಪಿನ್ನು ಅರ್ಧ ಕವಚದಲ್ಲಿ, ಅರ್ಧ ಉರುಳೆಯಲ್ಲಿ ನಿಂತು ಉರುಳೆಯನ್ನು ತಡೆದಿರುತ್ತದೆ. ಸರಿಯಾದ ಕೈ ಹಾಕಿದಾಗ ಎಲ್ಲ ಜೋಡಿಗಳೂ ಉರುಳೆ ಮತ್ತು ಕವಚ ಕೂಡುವ ಗೆರೆಯಲ್ಲೇ ಬೇರೆಯಾಗುತ್ತವೆ, ಉರುಳೆ ತಿರುಗುತ್ತದೆ. ಈ ಗೆರೆಗೆ ಶಿಯರ್ ಲೈನ್ ಎನ್ನುತ್ತಾರೆ.

ಹಾಗಿದ್ದರೆ ಐದು ಪಿನ್ನುಗಳನ್ನೂ ಒಂದೇ ಸಲ ಸರಿಯಾದ ಎತ್ತರಕ್ಕೆ ತರಬೇಕಲ್ಲವೇ, ಒಂದು ಕಡ್ಡಿಯಿಂದ ಅದು ಹೇಗೆ ಸಾಧ್ಯ? ಈ ಪ್ರಶ್ನೆ ನಿಮಗೆ ಹುಟ್ಟಿದ್ದರೆ ನೀವು ಅರ್ಧ ಕಲಿತಂತೆಯೇ. ಕಾಗದದ ಮೇಲೆ ಅದು ಸಾಧ್ಯವಿಲ್ಲ. ಆದರೆ ಯಾವ ಕಾರ್ಖಾನೆಯೂ ಐದು ತೂತುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ನೇರಕ್ಕೆ ಕೊರೆಯಲಾರದು. ನಿಮ್ಮ ಕಾಲೇಜಿನಲ್ಲಿ ಟಾಲರೆನ್ಸ್ ಎಂದು ಕಲಿಸುವ ಆ ಪುಟ್ಟ ಸಡಿಲಿಕೆಯೇ ಈ ಹವ್ಯಾಸದ ಬೇರು. ಉರುಳೆಯನ್ನು ಹಗುರವಾಗಿ ಒಂದು ಕಡೆಗೆ ತಿರುಗಿಸಿ ಹಿಡಿದರೆ ಐದು ಮೇಲ್ಪಿನ್ನುಗಳೂ ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ, ಯಾವುದೋ ಒಂದು ಮೊದಲು ಸಿಕ್ಕಿಕೊಳ್ಳುತ್ತದೆ. ಅದನ್ನು ಹುಡುಕಿ ಮೆಲ್ಲಗೆ ಎತ್ತಿದರೆ ಅದು ಗೆರೆ ದಾಟಿದ ಕ್ಷಣದಲ್ಲಿ ಉರುಳೆ ಇಷ್ಟೇ ಇಷ್ಟು ತಿರುಗಿ, ಮೇಲ್ಪಿನ್ನು ಮತ್ತೆ ಕೆಳಗಿಳಿಯದಂತೆ ಒಂದು ಸಣ್ಣ ಅಂಚು ಅಡ್ಡ ಬರುತ್ತದೆ. ಆಗ ಇನ್ನೊಂದು ಪಿನ್ನು ಸಿಕ್ಕಿಕೊಳ್ಳುತ್ತದೆ. ಹೀಗೆ ಐದು ಬಾರಿ. ಐದನ್ನೂ ಒಟ್ಟಿಗೆ ಗೆಲ್ಲಬೇಕಾದ ಕೆಲಸ, ಒಂದೊಂದನ್ನೇ ಗೆಲ್ಲುವ ಕೆಲಸವಾಗಿಬಿಡುತ್ತದೆ. ಅಗ್ಗದ ಬೀಗ ಬೇಗ ತೆರೆಯುವುದೂ ದುಬಾರಿ ಬೀಗ ಸತಾಯಿಸುವುದೂ ಬಹುಮಟ್ಟಿಗೆ ಈ ಸಡಿಲಿಕೆಯ ವ್ಯತ್ಯಾಸದಿಂದಲೇ.

ಈಗ ಸಲಕರಣೆ. ಎರಡು ಸಾಕು: ಪಿನ್ನುಗಳನ್ನು ಎತ್ತುವ ಕೊಕ್ಕೆ, ಉರುಳೆಯನ್ನು ತಿರುಗಿಸಿ ಹಿಡಿಯುವ ಟೆನ್ಷನ್ ಕಡ್ಡಿ. ಹೊಸಬರು ತಮ್ಮ ಶ್ರದ್ಧೆಯನ್ನೆಲ್ಲ ಕೊಕ್ಕೆಯ ಮೇಲೆ ಸುರಿದು, ಟೆನ್ಷನ್ ಕಡ್ಡಿಗೆ ಕೈಗೆ ಸಿಕ್ಕಿದ ತಂತಿಯನ್ನು ಬಗ್ಗಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಸೋಲಿನ ಮುಕ್ಕಾಲು ಪಾಲು ಆ ತಂತಿಯಿಂದಲೇ ಬರುತ್ತದೆ. ಸೀರೆ ಪಿನ್ನು, ಕೂದಲ ಕ್ಲಿಪ್ಪುಗಳ ಕೊರತೆ ಅವು ಮುರಿಯುತ್ತವೆ ಎಂಬುದಲ್ಲ, ಅವು ಬಾಗುತ್ತವೆ ಎಂಬುದು. ನೀವು ಬೆರಳಿನಿಂದ ಒತ್ತಿದಾಗ ಕ್ಲಿಪ್ಪು ತಾನೇ ಬಾಗಿ ಒತ್ತಡವನ್ನು ನುಂಗಿಕೊಳ್ಳುತ್ತದೆ. ಉರುಳೆ ಕೂದಲೆಳೆಯಷ್ಟು ತಿರುಗಿದ ಸುದ್ದಿ ನಿಮ್ಮ ಬೆರಳಿಗೆ ಮುಟ್ಟುವುದೇ ಇಲ್ಲ. ಈ ಆಟದಲ್ಲಿ ಕಣ್ಣಿಗೆ ಕೆಲಸವಿಲ್ಲ. ಸಲಕರಣೆ ಎಂದರೆ ಬೆರಳಿನ ನರ ಬೀಗದೊಳಕ್ಕೆ ಉದ್ದವಾದಂತೆ. ಮೆತ್ತನೆಯ ತಂತಿಯೆಂದರೆ ಜೋಮು ಹಿಡಿದ ಬೆರಳು.

ಕೊಕ್ಕೆಗೆ ಗರಗಸದ ಬ್ಲೇಡು ಒಳ್ಳೆಯದು, ಆದರೆ ಯಾವ ಬ್ಲೇಡು ಎಂಬುದರ ಮೇಲೆ ನಿಮ್ಮ ಒಂದು ವಾರದ ನೆಮ್ಮದಿ ನಿಂತಿದೆ. ಕೈಗರಗಸಕ್ಕೆ ಹಾಕುವ 12 ಇಂಚಿನ ಬ್ಲೇಡು ಸುಮಾರು 0.6 ಮಿಲಿಮೀಟರ್ ದಪ್ಪವಿರುತ್ತದೆ. ಹವ್ಯಾಸಿಗಳ ಕೊಕ್ಕೆಗಳ ದಪ್ಪವೂ 0.5ರಿಂದ 0.6 ಮಿಲಿಮೀಟರ್ ಆಸುಪಾಸಿನಲ್ಲೇ ಇರುವುದರಿಂದ ದಪ್ಪ ತಗ್ಗಿಸುವ ಕಷ್ಟವಿಲ್ಲ. ಆದರೆ ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಬೆನ್ನಿನಿಂದ ಹಲ್ಲಿನವರೆಗೆ ಪೂರ್ತಿ ಗಡುಸಾದ ಬ್ಲೇಡಿನ ಮೇಲೆ ನಿಮ್ಮ ಅರ ಜಾರುತ್ತದೆ, ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಬೈಮೆಟಲ್ ಎಂದು ಬರೆದಿರುವ ಬ್ಲೇಡಿನಲ್ಲಿ ಹಲ್ಲಿನ ಅಂಚು ಮಾತ್ರ ಗಡುಸು, ಬೆನ್ನು ಬಾಗಿ ಮತ್ತೆ ನೆಟ್ಟಗಾಗುವ ಹದವಾದ ಉಕ್ಕು. ಅದನ್ನೇ ಕೇಳಿ ತನ್ನಿ. ಕಾಲೇಜಿನ ವರ್ಕ್‌ಶಾಪಿನಲ್ಲಿ ಎಸೆಯುವ ಹಲ್ಲು ಸವೆದ ಬ್ಲೇಡಾದರೂ ನಡೆಯುತ್ತದೆ, ಹಲ್ಲನ್ನು ಹೇಗೂ ನೀವು ಕಳೆಯುವವರೇ. ಎಂಜಿನಿನ ವಾಲ್ವ್ ಹೊಂದಿಸಲು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜಿನ 0.5 ಮಿಲಿಮೀಟರ್ ಎಲೆ ಇದಕ್ಕಿಂತಲೂ ಸೊಗಸು. ಆದರೆ ಒಂದು ಎಲೆಗಾಗಿ ಇಡೀ ಗೇಜನ್ನು ಹಾಳುಮಾಡಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ.

ಆಕಾರವನ್ನು ಕಾಗದದ ಮೇಲೆ ಬರೆದು, ಕತ್ತರಿಸಿ, ಬ್ಲೇಡಿಗೆ ಅಂಟಿಸಿ. ಬೀಗದೊಳಕ್ಕೆ ಹೋಗುವ ಭಾಗ ಸುಮಾರು 40 ಮಿಲಿಮೀಟರ್ ಉದ್ದ, 2ರಿಂದ 2.5 ಮಿಲಿಮೀಟರ್ ಎತ್ತರ. ತುದಿ ಮೇಲಕ್ಕೆ ಇನ್ನೊಂದು 2 ಮಿಲಿಮೀಟರಿನಷ್ಟು ಬಾಗಿರಲಿ. ಕೋಳಿಯ ಕೊಕ್ಕಿನಂತೆ ಚೂಪಾಗಿ ಬೇಡ, ಕಿರುಬೆರಳ ತುದಿಯಂತೆ ದುಂಡಗಿರಲಿ. ಗ್ರೈಂಡಿಂಗ್ ಚಕ್ರದಲ್ಲಿ ಮಾಡುವಿರಾದರೆ ಒಂದು ಎಚ್ಚರ: ತೆಳು ಉಕ್ಕು ಕ್ಷಣದಲ್ಲಿ ಕಾಯುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನವಿಲ ಕತ್ತಿನ ನೀಲಿ ಕಾಣುತ್ತದೆ. ಆ ನೀಲಿ ನೋಡಲು ಚೆಂದ, ಆದರೆ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಗುರುತು. ಅಲ್ಲಿಂದ ಮುಂದೆ ಉಕ್ಕಿನ ಹದ ಇಳಿಯುತ್ತಲೇ ಹೋಗಿ ಕೊಕ್ಕೆ ಮತ್ತೆ ನಿಮ್ಮ ಕೂದಲ ಕ್ಲಿಪ್ಪಿನ ಅಣ್ಣನಾಗುತ್ತದೆ. ಬ್ಲೇಡನ್ನು ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗಿದ ತಕ್ಷಣ ಪಕ್ಕದ ನೀರಿನ ಡಬ್ಬಿಗೆ ಅದ್ದಿ. ಮೂರು ಎಣಿಸುವಷ್ಟು ಉಜ್ಜುವುದು, ಅದ್ದುವುದು, ಅಷ್ಟೇ ಲಯ. ಕಣ್ಣಿಗೆ ಕನ್ನಡಕವಿಲ್ಲದೆ ಚಕ್ರದ ಮುಂದೆ ನಿಲ್ಲಬೇಡಿ. ಚಕ್ರವಿಲ್ಲದಿದ್ದರೆ ಸಣ್ಣ ಅರಗಳಿಂದ ಒಂದು ಸಂಜೆಯ ಕೆಲಸ, ಅದರಲ್ಲಿ ಉಕ್ಕು ಕಾಯುವ ಭಯವೂ ಇಲ್ಲ.

ಆಕಾರ ಬಂದ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಅರ ಉಜ್ಜಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಅದೊಂದು ಗರಗಸವೇ. ಆ ಅಂಚು ಪಿನ್ನಿನ ಮೇಲೆ ಕರಕರ ಎನ್ನುವಾಗ, ಪಿನ್ನು ಕೂತ ಸದ್ದು ಯಾವುದು, ಕೊಕ್ಕೆ ಉಜ್ಜಿದ ಸದ್ದು ಯಾವುದು ಎಂದು ಬೆರಳಿಗೆ ತಿಳಿಯುವುದಿಲ್ಲ. ನೀರಿನಲ್ಲಿ ನೆನೆಸಿ ಉಜ್ಜುವ ಎಮರಿ ಕಾಗದವನ್ನು 400, 800, 1000 ಎಂಬ ಕ್ರಮದಲ್ಲಿ ಬಳಸಿ, ಉಗುರಿನ ಮೇಲೆ ಎಳೆದರೆ ಗೀರು ಬೀಳದಷ್ಟು ನುಣುಪು ಮಾಡಿ. ಹಿಡಿಕೆಗೆ ವಿದ್ಯುತ್ ಅಂಗಡಿಯಲ್ಲಿ ಸಿಗುವ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯ ಒಂದು ಪದರ ಸಾಕು. ದಪ್ಪ ಬಟ್ಟೆ ಸುತ್ತಿದರೆ ಕೈಗೆ ಹಿತ, ಆದರೆ ಸುದ್ದಿ ಅಲ್ಲೇ ಇಂಗುತ್ತದೆ.

ಟೆನ್ಷನ್ ಕಡ್ಡಿಗೆ ಯಾವುದಾದರೂ ಗ್ಯಾರೇಜಿಗೆ ಹೋಗಿ, ಕಿತ್ತೆಸೆದ ಕಾರಿನ ವೈಪರ್ ಕೇಳಿ. ಸಾಂಪ್ರದಾಯಿಕ ವೈಪರಿನ ರಬ್ಬರಿನ ಎರಡೂ ಬದಿಗೆ ಒಂದೊಂದು ಉದ್ದನೆಯ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿ ಇರುತ್ತದೆ. ತುಕ್ಕು ಹಿಡಿಯದ, ಬಾಗಿದರೂ ಮತ್ತೆ ನೆಟ್ಟಗಾಗುವ ಆ ಪಟ್ಟಿಗಳು ಈ ಕೆಲಸಕ್ಕೆಂದೇ ಹುಟ್ಟಿದಂತಿವೆ. ಪಟ್ಟಿಯಿಂದ ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ ಕತ್ತರಿಸಿ, ತುದಿಯಿಂದ 10 ಮಿಲಿಮೀಟರ್ ಬಿಟ್ಟು ಲಂಬವಾಗಿ ಮಡಿಸಿ. ಇಕ್ಕಳದ ಚೂಪು ಅಂಚಿನ ಮೇಲೆ ಮಡಿಸಿದರೆ ಬಿರುಕು ಬಿಡುತ್ತದೆ. 3 ಮಿಲಿಮೀಟರಿನ ಮೊಳೆಯೊಂದನ್ನು ವೈಸಿಗೆ ಕಚ್ಚಿಸಿ ಅದರ ಸುತ್ತ ನಿಧಾನವಾಗಿ ಬಗ್ಗಿಸಿ. ಈ ಸಣ್ಣ ತುದಿ ಬೀಗದ ಕಿಂಡಿಯ ಒಂದು ಕೊನೆಯಲ್ಲಿ, ಪಿನ್ನುಗಳಿಗೆ ಎದುರಾದ ಕಡೆ, ಅಲುಗಾಡದೆ ಕೂರಬೇಕು. ಕಿಂಡಿಯ ಅರ್ಧವನ್ನು ಅದೇ ತಿಂದುಬಿಟ್ಟರೆ ಕೊಕ್ಕೆಗೆ ಜಾಗ ಉಳಿಯುವುದಿಲ್ಲ, ಆಗ ಅರದಿಂದ ಅಗಲ ತಗ್ಗಿಸಿ.

ನಿಮ್ಮ ಛತ್ರಿಯ ಕಡ್ಡಿಯನ್ನು ಪೂರ್ತಿ ಎಸೆಯಬೇಡಿ. ಕಾಲುವೆಯಂತೆ ಮಡಿಸಿದ ಆ ಉಕ್ಕು ಗಟ್ಟಿಯಾಗಿಯೇ ಇರುತ್ತದೆ, ಸ್ವಲ್ಪ ದೊಡ್ಡ ಬೀಗಗಳಿಗೆ ಟೆನ್ಷನ್ ಕಡ್ಡಿಯಾಗಿ ಬಂದೀತು. ಸೈಕಲ್ ಸ್ಪೋಕು ಮಾತ್ರ ಬೇಡ. ಎರಡು ಮಿಲಿಮೀಟರ್ ದಪ್ಪದ ಅದನ್ನು ಬಡಿದು ಚಪ್ಪಟೆ ಮಾಡುವಷ್ಟರಲ್ಲಿ ನಿಮ್ಮ ಉತ್ಸಾಹವೇ ಚಪ್ಪಟೆಯಾಗಿರುತ್ತದೆ.

ಸಲಕರಣೆ ಸಿದ್ಧವಾಯಿತು, ಆದರೂ ಬೀಗಕ್ಕೆ ತೂರಿಸಬೇಡಿ. ಗುಜರಿ ಅಂಗಡಿಯಲ್ಲಿ ಹಳೆಯ ಬಾಗಿಲಿನ ಪಿನ್ ಸಿಲಿಂಡರೊಂದನ್ನು ಬೀಗದ ಕೈಸಮೇತ ಕೊಂಡುಕೊಳ್ಳಿ. ನೇತಾಡುವ ಬೀಗಗಳನ್ನು ಸಾಮಾನ್ಯವಾಗಿ ಬಿಚ್ಚಿ ಮತ್ತೆ ಜೋಡಿಸಲು ಬರುವುದಿಲ್ಲ, ಬಾಗಿಲಿನ ಸಿಲಿಂಡರನ್ನು ಬಿಚ್ಚಬಹುದು. ಅಡುಗೆಮನೆಯಿಂದ ಒಂದು ಮೊರ ತಂದು, ಅದರೊಳಗೆ ಕೈಯಿಟ್ಟುಕೊಂಡೇ ಬಿಚ್ಚಿ. ಆ ಸ್ಪ್ರಿಂಗುಗಳು ಸಾಸಿವೆ ಸಿಡಿದಂತೆ ಸಿಡಿಯುತ್ತವೆ, ನೆಲಕ್ಕೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಹಿಂಬದಿಯ ಕ್ಲಿಪ್ಪು ತೆಗೆದು, ಬೀಗದ ಕೈ ಹಾಕಿ ಉರುಳೆಯನ್ನು ಸ್ವಲ್ಪ ತಿರುಗಿಸಿ, ಉರುಳೆಯಷ್ಟೇ ದಪ್ಪದ ಮರದ ಕೋಲನ್ನೋ ಸ್ಕೆಚ್ ಪೆನ್ನನ್ನೋ ಹಿಂದಿನಿಂದ ಒತ್ತುತ್ತ ಬಂದರೆ ಉರುಳೆ ಮುಂದಕ್ಕೆ ಬರುತ್ತದೆ, ಮೇಲ್ಪಿನ್ನುಗಳು ಕೋಲಿನ ಮೇಲೆ ನಿಂತಿರುತ್ತವೆ. ಕೋಲಿಗೂ ಉರುಳೆಗೂ ನಡುವೆ ಸಂದು ಬಿಟ್ಟಿರೋ, ಒಂದು ಪಿನ್ನು ಅಲ್ಲೇ ಬಿದ್ದು ಎಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಬಂದ ಕೆಳಪಿನ್ನುಗಳನ್ನು ಸಾಲಾಗಿ ಕಾಗದದ ಮೇಲಿಟ್ಟು ಬೀಗದ ಕೈಯ ಏರಿಳಿತದ ಪಕ್ಕದಲ್ಲಿ ಹೋಲಿಸಿ ನೋಡಿ. ಕೈಯಲ್ಲಿ ಎಲ್ಲಿ ಹಳ್ಳವೋ ಅಲ್ಲಿ ಉದ್ದ ಪಿನ್ನು, ಎಲ್ಲಿ ದಿಣ್ಣೆಯೋ ಅಲ್ಲಿ ಗಿಡ್ಡ ಪಿನ್ನು. ಈ ಹತ್ತು ನಿಮಿಷ ಕಲಿಸುವುದನ್ನು ನೂರು ವಿಡಿಯೊಗಳು ಕಲಿಸಲಾರವು.

ಈಗ ಒಂದೇ ಒಂದು ಜೋಡಿ ಪಿನ್ನು ಹಾಕಿ ಮತ್ತೆ ಜೋಡಿಸಿ. ಟೆನ್ಷನ್ ಕಡ್ಡಿಯನ್ನು ಕೂರಿಸಿ, ಒಂದು ಬೆರಳಿನ ತುದಿಯಿಂದ ಕಂಪ್ಯೂಟರಿನ ಕೀಲಿಮಣೆಯ ಗುಂಡಿ ಒತ್ತುವಷ್ಟೇ ಒತ್ತಿ. ಬೆರಳ ಉಗುರು ಬೆಳ್ಳಗಾಯಿತೆಂದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಕೊಕ್ಕೆಯಿಂದ ಪಿನ್ನನ್ನು ಎತ್ತುತ್ತ ಹೋಗಿ. ಒತ್ತಡವಿಲ್ಲದಾಗ ಸ್ಪ್ರಿಂಗಿನಂತೆ ಮೆತ್ತಗೆ ಕುಣಿಯುವ ಅದೇ ಪಿನ್ನು, ಒತ್ತಡವಿದ್ದಾಗ ಹಳೆಯ ಕಿಟಕಿಯ ಚಿಲಕದಂತೆ ತಡೆದು ತಡೆದು ಏರುತ್ತದೆ. ಈ ಎರಡರ ವ್ಯತ್ಯಾಸವನ್ನು ಬೆರಳು ಗುರುತಿಸುವವರೆಗೆ ಮುಂದಕ್ಕೆ ಹೋಗಬೇಡಿ. ಆಮೇಲೆ ಟಿಕ್ ಎಂಬ ಒಂದು ಸಣ್ಣ ಸದ್ದು. ಅದು ಕಿವಿಗಿಂತ ಮೊದಲು ಎಡಗೈಯ ಬೆರಳಿಗೆ ಕೇಳಿಸುತ್ತದೆ, ಉರುಳೆ ತಿರುಗಿರುತ್ತದೆ. ಮರುದಿನ ಎರಡು ಜೋಡಿ, ಆಮೇಲೆ ಮೂರು. ಎರಡು ಪಿನ್ನಿರುವಾಗ ಯಾವುದು ಮೊದಲು ಸಿಕ್ಕಿಕೊಳ್ಳುತ್ತದೆ ಎಂದು ಬರೆದಿಡಿ, ಉರುಳೆಯನ್ನು ಎದುರು ದಿಕ್ಕಿಗೆ ತಿರುಗಿಸಿದರೆ ಆ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗುವುದನ್ನೂ ನೋಡಿ. ಐದು ಪಿನ್ನು ತಲುಪಲು ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಎರಡು ತಿಂಗಳು ಬೇಕು. ನನಗೆ ಎರಡು ತಿಂಗಳೇ ಹಿಡಿಯಿತು.

ಸಿಕ್ಕಿಕೊಂಡು ನಿಂತಾಗ ಕೈ ತಾನಾಗಿ ಇನ್ನಷ್ಟು ಒತ್ತುತ್ತದೆ. ಆಗ ಕೆಳಪಿನ್ನೇ ಗೆರೆ ದಾಟಿ ಮೇಲೇರಿ ಕೂತುಬಿಡುತ್ತದೆ, ಮುಂದೆ ಏನು ಮಾಡಿದರೂ ಬೀಗ ತೆರೆಯುವುದಿಲ್ಲ. ಅದಕ್ಕೆ ಒಂದೇ ಮದ್ದು, ಒತ್ತಡವನ್ನು ಪೂರ್ತಿ ಬಿಟ್ಟು ಎಲ್ಲ ಪಿನ್ನುಗಳೂ ಟಪಟಪ ಎಂದು ಕೆಳಗಿಳಿಯಲು ಬಿಟ್ಟು ಮೊದಲಿನಿಂದ ಶುರುಮಾಡುವುದು. ಕೊಕ್ಕೆಯನ್ನು ಹಿಂದೆ ಮುಂದೆ ಗರಗಸದಂತೆ ಎಳೆದಾಡಿ ಬೀಗ ತೆರೆಯುವ ವಿಧಾನವೂ ಒಂದಿದೆ, ಅಗ್ಗದ ಬೀಗದಲ್ಲಿ ಅದು ಸೆಕೆಂಡುಗಳಲ್ಲಿ ಫಲಿಸುತ್ತದೆ. ಅದರಿಂದ ಬೀಗ ತೆರೆಯುತ್ತದೆ, ವಿದ್ಯೆ ಬರುವುದಿಲ್ಲ. ನಿಮ್ಮ ಮೊದಲ ತಿಂಗಳಲ್ಲಿ ಅದನ್ನು ಮುಟ್ಟದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮುಂದೆ ಒಳ್ಳೆಯ ಬೀಗಗಳಿಗೆ ಹೋದಾಗ ನೂಲಿನ ಉಂಡೆಯ ರೀಲಿನಂತೆ ನಡು ಸಣ್ಣಗಾದ ಮೇಲ್ಪಿನ್ನುಗಳು ಎದುರಾಗುತ್ತವೆ. ಉರುಳೆ ಒಮ್ಮೆಲೇ ಧಾರಾಳವಾಗಿ ತಿರುಗಿ, ತೆರೆಯಿತೆಂಬ ಭ್ರಮೆ ಹುಟ್ಟಿಸಿ ಅಲ್ಲೇ ನಿಂತುಬಿಡುತ್ತದೆ. ಆಗ ಒತ್ತಡವನ್ನು ಹೆಚ್ಚಿಸುವ ಬದಲು ತಗ್ಗಿಸಿ, ಉರುಳೆಯನ್ನು ಕೊಂಚ ಹಿಂದಕ್ಕೆ ಬಿಟ್ಟುಕೊಡಬೇಕು. ಈ ಒಂದು ನಡೆಯನ್ನು ಕಲಿಯಲು ನಾನು ಒಂದು ಮಳೆಗಾಲ ಕಳೆದಿದ್ದೇನೆ.

ಮನೆಯಲ್ಲೇ ಮಾಡಿದ ಸಲಕರಣೆ ಎಂದರೆ ಕೊಳ್ಳಲಾಗದವರ ದಾರಿ ಎಂಬ ಕೀಳರಿಮೆ ನಿಮ್ಮ ಪತ್ರದಲ್ಲಿ ಅಲ್ಲಲ್ಲಿ ಇಣುಕುತ್ತದೆ, ಅದನ್ನು ಬಿಡಿ. ಲಂಡನ್ನಿನ ಪಿಕಾಡಿಲಿ ಬೀದಿಯಲ್ಲಿ ಬೀಗ ತಯಾರಕ ಜೋಸೆಫ್ ಬ್ರಾಮಾ ಅವರ ಅಂಗಡಿಯ ಗಾಜಿನ ಹಿಂದೆ ಒಂದು ಬೀಗವಿತ್ತು. ಅದನ್ನು ತೆರೆಯುವ ಸಲಕರಣೆ ಮಾಡಿದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಹಣ) ಬಹುಮಾನವೆಂದು ಅದರ ಮೇಲೆಯೇ ಬರೆದಿತ್ತು. ಸವಾಲು ಕೇಳಿದ್ದೇ ಸಲಕರಣೆ ಮಾಡಬಲ್ಲ ಕಲಾವಿದನನ್ನು ಎಂಬುದನ್ನು ಗಮನಿಸಿ. ದಶಕಗಳ ಕಾಲ ಯಾರಿಗೂ ಬಗ್ಗದ ಆ ಬೀಗವನ್ನು ಲಂಡನ್ನಿನಲ್ಲಿ ನಡೆದ 1851ರ ಕೈಗಾರಿಕಾ ಮಹಾಪ್ರದರ್ಶನದ ವರ್ಷ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ತೆರೆದರು. ಹದಿನಾರು ದಿನಗಳಲ್ಲಿ ಹರಡಿದ ಸುಮಾರು 51 ಗಂಟೆಗಳ ಕೆಲಸವದು. ಅದೇ ವರ್ಷ ಅವರು ಚಬ್ ಕಂಪನಿಯ ಹೆಸರಾಂತ ಲಿವರ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದು, ಏನೂ ನಡೆದಿಲ್ಲವೆಂಬಂತೆ 7 ನಿಮಿಷಗಳಲ್ಲಿ ಮತ್ತೆ ಹಾಕಿ ತೋರಿಸಿದರು. ಲಿವರ್ ಅನ್ನು ಅಳತೆ ಮೀರಿ ಎತ್ತಿದರೆ ತಾನೇ ಜಾಮ್ ಆಗಿ ಮಾಲೀಕನಿಗೆ ಸುಳಿವು ಕೊಡುವ ಬೀಗವದು. ನೀವು ಹಿತ್ತಿಲ ಬಾಗಿಲಲ್ಲಿ ಎದುರಿಸಿದ್ದು ಆ ಮನೆತನದ ಬಡ ನೆಂಟನನ್ನು, ಆದ್ದರಿಂದ ಹದಿನೈದು ದಿನದ ಸೋಲಿಗೆ ನಾಚಿಕೊಳ್ಳಬೇಕಿಲ್ಲ.

ನಿಮ್ಮ ತಂದೆಯವರ ಆತಂಕಕ್ಕೆ ಆಧಾರವಿಲ್ಲದಿಲ್ಲ, ಆದರೆ ಅದರ ಗಡಿ ಎಲ್ಲಿದೆ ಎಂದು ತಿಳಿದುಕೊಂಡರೆ ಇಬ್ಬರಿಗೂ ನೆಮ್ಮದಿ. ನಿಮ್ಮದೇ ಬೀಗವನ್ನು ನಿಮ್ಮ ಮನೆಯಲ್ಲಿ ಕುಳಿತು ತೆರೆಯುವುದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 330ನೆಯ ಕಲಂ ಮನೆ ಮುರಿಯುವಿಕೆಯನ್ನು ವಿವರಿಸುವಾಗ ಬೀಗ ತೆರೆದು ಒಳಹೋಗುವುದನ್ನೂ ಸೇರಿಸಿದೆ, ಆದರೆ ಅಲ್ಲಿ ಅಪರಾಧದ ಬೇರು ಮನೆಯ ಅತಿಕ್ರಮ ಪ್ರವೇಶ. ನೀವು ನಿಜವಾಗಿ ಗಮನಿಸಬೇಕಾದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 96ನೆಯ ಕಲಂ. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಅನುಮಾನಾಸ್ಪದವಾಗಿ ಸಿಕ್ಕಿಬಿದ್ದವರ ಕುರಿತಾದ ಈ ಕಲಂ, ತಕ್ಕ ಕಾರಣ ಹೇಳಲಾಗದೆ ಮನೆ ಮುರಿಯುವ ಸಲಕರಣೆಯನ್ನು ಜೊತೆಯಲ್ಲಿಟ್ಟುಕೊಂಡವರಿಗೂ ಅನ್ವಯಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಬೈಕಿನ ಡಿಕ್ಕಿಯಲ್ಲಿ ನುಣುಪಾದ ಐದು ಕೊಕ್ಕೆಗಳನ್ನಿಟ್ಟುಕೊಂಡು ನಾಕಾಬಂದಿಯಲ್ಲಿ ನಿಂತು, ಇದು ನನ್ನ ಹವ್ಯಾಸ ಸ್ವಾಮಿ ಎಂದರೆ ಕೇಳುವ ಪೇದೆ ವಿರಳ. ಸಲಕರಣೆ ಮನೆಯಲ್ಲಿರಲಿ, ಅಭ್ಯಾಸದ ಬೀಗದ ಜೊತೆ ಒಂದೇ ಡಬ್ಬಿಯಲ್ಲಿರಲಿ. ಮುಂದೆ ಓದಲೋ ಉದ್ಯೋಗಕ್ಕೋ ಹೊರದೇಶಕ್ಕೆ ಹೋಗುವುದಾದರೆ ಅಲ್ಲಿನ ಕಾನೂನನ್ನು ಮೊದಲೇ ವಿಚಾರಿಸಿಕೊಳ್ಳಿ. ಜಪಾನಿನಲ್ಲಿ 2003ರಲ್ಲಿ ಬಂದ ಕಾನೂನಿನ ಪ್ರಕಾರ ಸಕಾರಣವಿಲ್ಲದೆ ಇಂಥ ಸಲಕರಣೆ ಇಟ್ಟುಕೊಳ್ಳುವುದೇ ಅಪರಾಧ.

ಜರ್ಮನಿ, ನೆದರ್ಲೆಂಡ್ಸ್, ಅಮೆರಿಕಗಳಲ್ಲಿ ಈ ಹವ್ಯಾಸದ ಸಂಘಗಳಿವೆ, ಸ್ಪರ್ಧೆಗಳೂ ನಡೆಯುತ್ತವೆ. ಅವರೆಲ್ಲರೂ ಹೊಸಬರಿಗೆ ಮೊದಲ ದಿನ ಹೇಳುವುದು ಎರಡೇ ಮಾತು: ನಿನ್ನದಲ್ಲದ ಬೀಗವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಮುಟ್ಟಬೇಡ, ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡ. ಮೊದಲನೆಯದು ಎಲ್ಲರಿಗೂ ತಿಳಿಯುತ್ತದೆ. ಎರಡನೆಯದರ ಬೆಲೆಯನ್ನು ನಾನು ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ತೆತ್ತೆ. ಮುಂಬಾಗಿಲಿನ ಬೀಗದೊಳಗೆ ಪೂರ್ತಿ ಗಡುಸಾದ ಬ್ಲೇಡಿನ ಕೊಕ್ಕೆ, ಮೇಲೆ ಹೇಳಿದ ಹಪ್ಪಳದ ಜಾತಿಯದೇ, ಮುರಿದು ಕೂತಿತು. ಹೊರಗೆ ನಾನು, ಒಳಗೆ ಒಲೆಯ ಮೇಲೆ ಅನ್ನ. ಬೀಗ ರಿಪೇರಿಯವರು ಬರುವಷ್ಟರಲ್ಲಿ ಅನ್ನ ಇದ್ದಿಲಾಗಿತ್ತು, ಮನೆಯ ಮಾಲೀಕರು ಮೆಟ್ಟಿಲ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು.

ಹಾಗಾಗಿ ನಿಮ್ಮ ಹಿತ್ತಿಲ ಬಾಗಿಲಿನ ಬೀಗವನ್ನು ಈ ಸಂಜೆಯೇ ಬದಲಾಯಿಸಿ. ಕೈ ಬಿಗಿಯಾಗಿದೆ ಎಂದರೆ ನಿಮ್ಮ ಸೀರೆ ಪಿನ್ನಿನ ತುದಿ ಮುರಿದು ಒಳಗುಳಿದಿರಬಹುದು, ಇಲ್ಲವೇ ಯಾವುದೋ ತಗಡು ಬಾಗಿರಬಹುದು. ಹಾಗಿದ್ದಲ್ಲಿ ಒಂದು ದಿನ ಅದು ಪೂರ್ತಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ಸಡಿಲವಾಗಲೆಂದು ಕೊಬ್ಬರಿ ಎಣ್ಣೆ ಬಿಡಲು ಬಂದರೆ ತಡೆಯಿರಿ. ಎಣ್ಣೆ ಧೂಳನ್ನು ಹಿಡಿದು ಕೆಲವು ತಿಂಗಳಲ್ಲಿ ಅಂಟಾಗುತ್ತದೆ. ಪೆನ್ಸಿಲಿನ ಸೀಸವನ್ನು ಪುಡಿಮಾಡಿ ಬೀಗದ ಕೈಗೆ ಸವರಿ ಹಾಕಿ ತೆಗೆದರೆ ಸಾಕು. ಕಳಚಿದ ಬೀಗವನ್ನು ಎಸೆಯಬೇಡಿ. ನಿಮ್ಮ ಕಾಲೇಜಿನ ಡ್ರಿಲ್ಲಿನಲ್ಲಿ ಅದರ ರಿವೆಟ್ಟುಗಳನ್ನು ಕೊರೆದು, ಒಂದು ಬದಿಯ ತಗಡನ್ನು ಎಬ್ಬಿಸಿ, ಕೈಯನ್ನು ತಿರುಗಿಸುತ್ತ ಲಿವರುಗಳು ಏರುವುದನ್ನು ನೋಡಿ. ಮುರಿದ ಪಿನ್ನಿನ ತುಂಡು ಅಲ್ಲೇ ಸಿಗಬಹುದು.